ಪಾರಿವಾಳಕ್ಕೆ ಪಟ್ಟಾಭಿಷೇಕ ಬೇಡ

ಪ್ರಿಯ ಲೇಖಕರೇ,

ನಿಮ್ಮ ‘ಸಂದೇಶವಾಹಕರ ರಾಜವಂಶ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಸುಮ್ಮನೆ ಮರಳಿಸಲೂ ಮನಸ್ಸಿಲ್ಲ, ಅದಕ್ಕಾಗಿಯೇ ಈ ಉದ್ದದ ಪತ್ರ.

ನದೀಮೂಲ, ಋಷಿಮೂಲ ಹುಡುಕಬಾರದು ಎಂಬ ಗಾದೆಯಿಂದ ಆರಂಭಿಸಿ ಮುಂದಿನ ಹತ್ತು ಪುಟ ಮೂಲವನ್ನೇ ಹುಡುಕಿದ್ದೀರಿ. ಗಾದೆಯನ್ನು ತೆಗೆಯಿರಿ. ದೊಡ್ಡ ತೊಂದರೆ ಇರುವುದು ನಿಮ್ಮ ಶೀರ್ಷಿಕೆಯಲ್ಲಿ. ಬಾಗ್ದಾದಿನ ಖಲೀಫರ ಅಂಚೆ ಪಾರಿವಾಳ, ಅದರ ಮಗ ಇಂಗ್ಲಿಷ್ ಕ್ಯಾರಿಯರ್, ಅದರ ಮಗ ಬೆಲ್ಜಿಯಂನ ರೇಸಿಂಗ್ ಹೋಮರ್ (ದೂರದಿಂದ ಗೂಡಿಗೆ ಮರಳುವ ಪಂದ್ಯದ ಪಾರಿವಾಳ) ಎಂದು ವಂಶಾವಳಿ ಹೊಸೆದಿದ್ದೀರಿ, ಪಟ್ಟಾಭಿಷೇಕವೊಂದು ಬಾಕಿ. 19ನೇ ಶತಮಾನದ ಬೆಲ್ಜಿಯಂನಲ್ಲಿ ನಡೆದದ್ದು ಪಕ್ಕಾ ಬೆರಕೆ. ಎತ್ತರದಲ್ಲಿ ಗಂಟೆಗಟ್ಟಲೆ ಹಾರುವ ಕ್ಯುಮುಲೆಟ್, ಎದೆಯ ಮೇಲೆ ಸುರುಳಿ ಗರಿಯಿರುವ ಗಿಡ್ಡ ಕೊಕ್ಕಿನ ಸ್ಮರ್ಲ್, ಕ್ಯಾರಿಯರ್ ರಕ್ತವಿದ್ದ ಗಟ್ಟಿಮುಟ್ಟು ಡ್ರ್ಯಾಗೂನ್, ಇವನ್ನೆಲ್ಲ ಕೂಡಿಸಿದರು. ದೂರ ಒಯ್ದು ಬಿಟ್ಟರು. ಮರಳಿ ಬಂದವುಗಳಿಂದ ಮರಿ ಮಾಡಿಸಿದರು. ಆಂಟ್ವರ್ಪ್ ನಗರದ ಬಗೆಯೇ ಬೇರೆ, ಲಿಯೇಜ್ ನಗರದ ಚಿಕ್ಕ ಮೈಯ ಬಗೆಯೇ ಬೇರೆ. ಕೊನೆಗೆ ಅವೂ ಬೆರೆತವು. ನೀವು ಐದು ಕಡೆ ಬಳಸಿದ ‘ಶುದ್ಧ ರಕ್ತ’ಕ್ಕೆ ಇಲ್ಲಿ ಜಾಗವೆಲ್ಲಿದೆ? ಗೂಡಿಗೆ ಬೇಗ ಮರಳಿದ್ದೇ ಕುಲ.

ಕ್ಯಾರಿಯರ್, ಅಂದರೆ ‘ಹೊತ್ತೊಯ್ಯುವುದು’, ಎಂಬ ಹೆಸರು ನಿಮ್ಮನ್ನು ಮೋಸಗೊಳಿಸಿದೆ. ಅದರ ಪೂರ್ವಿಕರು ಪಶ್ಚಿಮ ಏಷ್ಯಾದಿಂದ ಬಂದವರು, ನಿಜ. ಆದರೆ ಇಂಗ್ಲೆಂಡಿನ ಸಾಕಣೆಗಾರರು ಅದನ್ನು ಪ್ರದರ್ಶನದ ಹಕ್ಕಿಯಾಗಿ ಬೆಳೆಸಿದರು. ಕೊಕ್ಕಿನ ಬುಡದಲ್ಲಿ ಹೂಕೋಸಿನಂತೆ ಉಬ್ಬಿದ ಮಾಂಸಲ ಗಂಟಿಗೆ ಬಹುಮಾನ ಸಿಗುತ್ತಿತ್ತು, ಹಾರಾಟಕ್ಕಲ್ಲ. ನೀವು ಕಳಿಸಿದ ಚಿತ್ರ ಅದರದ್ದೇ. ಅಡಿಬರಹ ಮಾತ್ರ ‘ರಣರಂಗದ ದೂತ’! ಏಳನೇ ಪುಟದ ಪ್ಯಾಸೆಂಜರ್ ಪಾರಿವಾಳ ಈ ಮನೆತನದ್ದೇ ಅಲ್ಲ. ಅದು ಉತ್ತರ ಅಮೆರಿಕದ ಬೇರೊಂದು ಕಾಡುಹಕ್ಕಿ, ಕೊನೆಯದು 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಆ ಪುಟವನ್ನು ಪೂರ್ತಿ ಹೊಡೆದುಹಾಕಿದ್ದೇನೆ.

ಡಾರ್ವಿನ್‌ಗೆ ನೀವು ಕೊಟ್ಟಿರುವುದು ಒಂದೇ ಸಾಲು. ಇದು ಅನ್ಯಾಯ. ಆತ ಸ್ವತಃ ಪಾರಿವಾಳ ಸಾಕಿದ, ಲಂಡನ್ನಿನ ಎರಡು ಪಾರಿವಾಳ ಕ್ಲಬ್ಬುಗಳಿಗೆ ಸೇರಿದ. ಕಪ್ಪು ಬಾರ್ಬ್, ಬಿಳಿ ಫ್ಯಾನ್‌ಟೇಲ್ ಮುಂತಾದ ತಳಿಗಳನ್ನು ಬೆರೆಸಿ, ಆ ಬೆರಕೆ ಮರಿಗಳನ್ನು ಮತ್ತೆ ಬೆರೆಸಿದಾಗ, ಅಜ್ಜ ಅಜ್ಜಿಯರಲ್ಲಿ ಯಾರಿಗೂ ಇಲ್ಲದ ನೀಲಿ ಬೂದು ಮೈ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟಿ ಹೊತ್ತ ಮೊಮ್ಮಗ ಹುಟ್ಟಿತು: ಥೇಟ್ ಬಂಡೆ ಪಾರಿವಾಳ! ಎಲ್ಲ ಸಾಕು ತಳಿಗಳ ಮೂಲವೂ ಆ ಒಂದೇ ಕಾಡುಹಕ್ಕಿ ಎಂಬ ವಾದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷಿ ನಿಮಗೆ ಎಲ್ಲಿ ಸಿಕ್ಕೀತು? ನಿಮ್ಮ ಲೇಖನ ಆ ಮರಿಯಿಂದಲೇ ಆರಂಭವಾಗಲಿ. (1859ರಲ್ಲಿ ಪ್ರಕಾಶಕರ ಪರವಾಗಿ ‘ಆರಿಜಿನ್ ಆಫ್ ಸ್ಪೀಶೀಸ್’ ಪುಸ್ತಕದ ಹಸ್ತಪ್ರತಿ ಓದಿದ ಎಲ್ವಿನ್ ಎಂಬ ಸಂಪಾದಕ, ಉಳಿದದ್ದನ್ನು ಬಿಟ್ಟು ಪಾರಿವಾಳಗಳ ಬಗ್ಗೆಯೇ ಪುಸ್ತಕ ಬರೆಯುವಂತೆ ಡಾರ್ವಿನ್‌ಗೆ ಸಲಹೆ ನೀಡಿದ್ದ. ಸಂಪಾದಕರ ಮಾತನ್ನು ಎಷ್ಟು ಕೇಳಬೇಕೆಂದು ನೀವೇ ನಿರ್ಧರಿಸಿ.)

ಪ್ಯಾರಿಸ್ ಮುತ್ತಿಗೆಯ ಭಾಗದಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡಿ. ಹೋಮರ್ ಹಾರುವುದು ತನ್ನ ಗೂಡಿನ ಕಡೆಗೆ ಮಾತ್ರ. ಹಾಗಾಗಿ 1870ರಲ್ಲಿ ನಗರದ ಪಾರಿವಾಳಗಳನ್ನು ಬಲೂನಿನಲ್ಲಿ ಹೊರಗೆ ಸಾಗಿಸಿದರು, ಅವು ಬಾಲದ ಗರಿಗೆ ಕಟ್ಟಿದ, ಅತಿ ಚಿಕ್ಕದಾಗಿಸಿದ ಫೋಟೋಗಳ ರೂಪದಲ್ಲಿ ಪತ್ರಗಳನ್ನು ಹೊತ್ತು ಮರಳಿದವು ಎಂದು ಬರೆದಿದ್ದೀರಿ. ಅಲ್ಲಿ ವಿಶೇಷಣಗಳಿಲ್ಲ, ‘ಅದ್ಭುತ’ ಇಲ್ಲ, ಆದರೂ ಮೈ ಜುಮ್ಮೆನ್ನುತ್ತದೆ. ಉಳಿದ ಪುಟಗಳಲ್ಲಿ ಆ ಕೈ ಎಲ್ಲಿ ಹೋಯಿತು?

ಮುಕ್ತಾಯವೂ ಬದಲಾಗಬೇಕು. ಒಂದೊಂದು ಹಕ್ಕಿ ಹತ್ತು ಲಕ್ಷ ಯೂರೋಗೂ ಮಿಗಿಲಾಗಿ ಹರಾಜಾಗುವುದನ್ನು ಹೇಳಿ ಮುಗಿಸಿದ್ದೀರಿ. ಸ್ಪರ್ಧೆಯಲ್ಲಿ ದಾರಿ ತಪ್ಪಿ ಗೂಡಿಗೆ ಮರಳದ ಹಕ್ಕಿಗಳ ಗತಿ ಏನು? ಹಲವು ಬೀದಿ ಪಾರಿವಾಳಗಳ ಜೊತೆ ಸೇರಿಬಿಡುತ್ತವೆ. 2012ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವೊಂದರಲ್ಲಿ ಬೀದಿ ಪಾರಿವಾಳಗಳು ರೇಸಿಂಗ್ ಹೋಮರ್‌ಗೆ ತೀರಾ ಹತ್ತಿರದ ನೆಂಟರೆಂದು ಕಂಡುಬಂತು. ನಿಮ್ಮ ರಾಜವಂಶ ಕಟ್ಟಡಗಳ ಚಾಚಿನ ಮೇಲೆ ಕುಳಿತು ಹಿಕ್ಕೆ ಹಾಕುತ್ತಿದೆ. ಅದನ್ನು ಬರೆಯಿರಿ.

ಐದು ಪುಟ ಮೀರದಂತೆ ತಿದ್ದಿ ಕಳಿಸಿ. ಕ್ಯಾರಿಯರ್ ಚಿತ್ರ ಇರಲಿ, ಅಡಿಬರಹ ಬದಲಿಸಿ.

ಇಂತಿ,
ಸಂಪಾದಕ