ಮೇಲಿನ ತೋಟಕ್ಕೆ ಯಾವಾಗ ಹೋಗುತ್ತೀರಿ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ವಯಸ್ಸು 47. ಮೂರು ಎಕರೆ ಅಡಿಕೆ ತೋಟ, ಸೊಸೈಟಿಯಲ್ಲಿ ಸಾಲ, ಮಗಳು ಶಿವಮೊಗ್ಗದಲ್ಲಿ ಎರಡನೇ ಪಿಯುಸಿ. ಮಳೆ ಹಿಡಿದಾಗಿನಿಂದ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದಂತೆ. ಅವರ ಮಾತಿನಲ್ಲೇ ಸ್ವಲ್ಪ (ಕೊಳೆ, ಎಲೆಚುಕ್ಕಿ ಎರಡೂ ಅಡಿಕೆಗೆ ಬರುವ ರೋಗಗಳು):

“ಹೆಂಚಿನ ಮೇಲೆ ಮಳೆ ಜೋರಾದರೆ ಕೊಳೆ ಬಂತು ಅಂತಲೇ ಲೆಕ್ಕ. ಮಳೆ ಹೊಳವಾದರೆ ಎಲೆಚುಕ್ಕಿ ನಮ್ಮಲ್ಲಿಗೂ ಬಂತೇನೋ ಅಂತ. ಕೊಳೆ ಬಂದರೆ ಸಾಲ ತೀರೋದಿಲ್ಲ, ಸಾಲ ತೀರದಿದ್ದರೆ ಮಗಳ ಓದು ನಿಲ್ಲುತ್ತೆ. ಬೆಳಗಾಗೋದರೊಳಗೆ ನಾನು ತೋಟ ಮಾರಿ ಬೆಂಗಳೂರಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ವಾಚ್‌ಮನ್ ಆಗಿರ್ತೀನಿ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ, ನಿಮಗೆ ಮನೆಯಲ್ಲೂ ಇಲ್ಲವಲ್ಲ ಅಂತಾಳೆ ನಮ್ಮ ಮನೆಯವಳು. ಇದು ಕಾಯಿಲೆಯೋ, ಸ್ವಭಾವವೋ?”

ವಾಚ್‌ಮನ್ ತನಕ ಓದಿ ನಗು ಬಂತು, ಕ್ಷಮಿಸಿ. ಆಮೇಲೆ ಮೂರನೇ ಪುಟದ ಕೆಳಗೆ, ಬೇರೇನೋ ಹೇಳುತ್ತಾ ನೀವು ಬರೆದ ಒಂದು ಸಾಲು ಸಿಕ್ಕಿತು. “ಮೇಲಿನ ತೋಟಕ್ಕೆ ಹೋಗಿ ಹದಿನೆಂಟು ದಿನವಾಯಿತು. ಹೋದರೆ ಏನು ಕಾಣುತ್ತದೋ.” ನನ್ನ ಉತ್ತರವೆಲ್ಲ ಈ ಸಾಲಿಗೆ. ಆದರೆ ಮೊದಲು ಮೂರು ಗಂಟೆಯ ವಿಷಯ ಮುಗಿಸೋಣ.

ಮೂರು ಗಂಟೆಗೆ ಎಚ್ಚರವಾಗುವುದರಲ್ಲಿ ಅಪಶಕುನ ಏನೂ ಇಲ್ಲ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಅರ್ಧದಲ್ಲೇ ಮುಗಿದಿರುತ್ತದೆ, ಆಮೇಲಿನದು ತೆಳು ನಿದ್ದೆ. ನಡುರಾತ್ರಿ ಹೊತ್ತಿಗೆ ತೀರಾ ಇಳಿದಿದ್ದ ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಗಿನ ಜಾವದಿಂದ ಏರತೊಡಗುತ್ತದೆ. ಮೈ ಏಳಲು ತಯಾರಾಗುತ್ತಿರುತ್ತದೆ, ಮಾಡಲು ಕೆಲಸವಿಲ್ಲ, ಸುತ್ತ ಕತ್ತಲೆ, ಕೇಳುವುದು ಹೆಂಚಿನ ಮೇಲಿನ ಮಳೆ ಮಾತ್ರ. ಆಗ ಬರುವ ಯೋಚನೆ ಹಗಲಿನದಕ್ಕಿಂತ ಹೆಚ್ಚು ನಿಜ ಅನ್ನಿಸುತ್ತದೆ, ಅಷ್ಟೇ. ಸಂಜೆ ಆರರ ಮೇಲಿನ ಕಾಫಿ ಬಿಡಿ. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗುವುದಕ್ಕೇ ಸುಮಾರು ಐದು ಗಂಟೆ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಇದು ಎಂಥ ಕ್ರೂರ ಸಲಹೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅತಿಯಾದ ಆತಂಕದ ತೊಂದರೆ ಇದ್ದ 29 ಜನ ತಮಗೆ ಬಂದ ಚಿಂತೆಗಳನ್ನೆಲ್ಲ ಬರೆದಿಟ್ಟರು. ಆಮೇಲೆ ಯಾವುದು ನಿಜವಾಯಿತು ಎಂದು ನೋಡಿದರೆ, ನೂರಕ್ಕೆ 91 ಆಗಲೇ ಇಲ್ಲ. ಇಂಥ ಲೆಕ್ಕವನ್ನು ಪತ್ರಿಕೆಗಳಲ್ಲಿ ನಾವು ಖುಷಿಯಿಂದ ಅಚ್ಚು ಹಾಕುತ್ತೇವೆ. ಅಡಿಕೆ ಬೆಳೆಗಾರರಿಗೆ ಇದರಿಂದ ಎಷ್ಟು ಸಮಾಧಾನವಾದೀತು ಎಂಬ ಅನುಮಾನ ನನಗಿದೆ. ಕೊಳೆ ಬರುವ ವರ್ಷ ಬಂದೇ ಬರುತ್ತದೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗಕ್ಕೆ ತೋಟಕ್ಕೆ ತೋಟವೇ ಹೋದದ್ದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. “ಏನೂ ಆಗೋಲ್ಲ ಬಿಡಿ” ಎಂದು ನಾನು ಬರೆದರೆ ನೀವು ನಂಬಬಾರದು.

ಹಾಗಾದರೆ ಏನು? ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ನೀವು ಮಾಡುವುದನ್ನೇ ನೆನಪಿಸಿಕೊಳ್ಳಿ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ತಿಳಿಗೆ ಕದಡುತ್ತಾ ಹೊಯ್ಯುತ್ತೀರಿ. ಹದ ಬಂದಿದೆಯೋ ಇಲ್ಲವೋ ಎಂದು ಪಕ್ಕದವರನ್ನು ಕೇಳುತ್ತಾ ಕೂರುವುದಿಲ್ಲ. ಮಸೆದ ಕತ್ತಿಯ ಬಾಯಿ ಅದ್ದಿ ನೋಡುತ್ತೀರಿ. ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಹತ್ತದಿದ್ದರೆ ಹೊಡೆಯಬಹುದು. ನೋಡದೆ ನಿಂತಲ್ಲೇ “ತುತ್ತ ಹೆಚ್ಚಾಗಿ ಕಾಯಿ ಸುಟ್ಟರೆ?” ಎಂದು ರಾತ್ರಿಯೆಲ್ಲ ಯೋಚಿಸಿದರೆ ಡ್ರಮ್ಮಿನಲ್ಲಿರುವುದು ಬದಲಾಗುತ್ತದೆಯೇ?

ಚಿಂತೆಯ ಮೋಸ ಇರುವುದು ಇಲ್ಲಿ. ಅದು ಕೆಲಸದ ವೇಷ ಹಾಕಿಕೊಂಡು ಬರುತ್ತದೆ. ಮೂರರಿಂದ ಐದರವರೆಗೆ ಹೊರಳಾಡಿದವನಿಗೆ ತೋಟಕ್ಕಾಗಿ ಏನೋ ಮಾಡಿದೆ ಎಂಬ ದಣಿವು ಸಿಗುತ್ತದೆ. ಬೆಳಗ್ಗೆ ಎದ್ದವನು ಆ ದಣಿವಿನಲ್ಲೇ ಮೇಲಿನ ತೋಟದ ದಾರಿ ಬಿಡುತ್ತಾನೆ. ಹೋಗದಿದ್ದಾಗ ಒಂದು ಗಳಿಗೆ ಹಗುರ. ಆ ಹಗುರವೇ ಮನಸ್ಸಿಗೆ ರುಚಿ ಹತ್ತುತ್ತದೆ, ಮಾರನೆಯ ದಿನ ಹೋಗುವುದು ಇನ್ನೂ ಕಷ್ಟ. ಹದಿನೆಂಟು ದಿನ ಆದದ್ದು ಹೀಗೆ. ಈಗ ನಿಮ್ಮ ತಲೆಯೊಳಗಿನ ಮೇಲಿನ ತೋಟದಲ್ಲಿ ಒಂದು ಮರವೂ ಉಳಿದಿಲ್ಲ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ನನ್ನ ರಕ್ತಪರೀಕ್ಷೆಯ ಲಕೋಟೆ ಒಂಬತ್ತು ದಿನ ಈ ಮೇಜಿನ ಎರಡನೇ ಡ್ರಾಯರಿನಲ್ಲಿ, ಪ್ರೂಫಿನ ಕಟ್ಟಿನ ಅಡಿಯಲ್ಲಿತ್ತು. ಆ ಒಂಬತ್ತು ದಿನದಲ್ಲಿ ನನಗೆ ಬಾರದ ಕಾಯಿಲೆ ಇಲ್ಲ. ಕೊನೆಗೆ ಒಡೆದದ್ದು ನಾನಲ್ಲ, ಪೆನ್ಸಿಲ್ ಹುಡುಕುತ್ತಿದ್ದ ನಮ್ಮ ಉಪಸಂಪಾದಕಿ. “ಸಾರ್, ಶುಗರ್ ಇದೆ ನಿಮಗೆ” ಎಂದಳು. ಇತ್ತು. ಅಂದಿನಿಂದ ಎರಡು ಮಾತ್ರೆ, ಸಂಜೆಯ ನಡಿಗೆ. ಮಾವಿನ ಕಾಲದಲ್ಲಿ ಮಾತ್ರ ದುಃಖ.

ಒಂದು ಕ್ರಮ ಹೇಳುತ್ತೇನೆ. ನಾನೂ ಮಾಡುತ್ತೇನೆ, ಆಗಾಗ ತಪ್ಪಿಸುತ್ತೇನೆ. ಅದೇ ವಿಶ್ವವಿದ್ಯಾಲಯದ ಥಾಮಸ್ ಬೋರ್ಕೊವೆಕ್ ಎಂಬ ಮನಶ್ಶಾಸ್ತ್ರಜ್ಞರು ಸಂಗಡಿಗರ ಜೊತೆ 1983ರಲ್ಲೇ ಪರೀಕ್ಷಿಸಿ ನೋಡಿದ್ದು: ಚಿಂತೆಗೆ ದಿನಕ್ಕೆ ಅರ್ಧ ಗಂಟೆ, ದಿನವೂ ಅದೇ ಹೊತ್ತು, ಅದೇ ಜಾಗ. ಮಿಕ್ಕ ಹೊತ್ತಿನಲ್ಲಿ ಬಂದರೆ “ಸಂಜೆ ಬಾ” ಎಂದು ಕಳಿಸುವುದು. ಮಲಗುವ ಮಂಚ ಆ ಜಾಗ ಆಗಬಾರದು. ನಿಮಗಾದರೆ ಹಾಲು ಕರೆದಾದ ಮೇಲೆ ಜಗಲಿಯ ತುದಿ. ಒಂದು ಹಳೆ ನೋಟ್‌ಬುಕ್ ಇಟ್ಟುಕೊಳ್ಳಿ. ಚಿಂತೆ ಬರೆದು, ಅದರ ಪಕ್ಕ ‘ನಾಳೆ ಬೆಳಗ್ಗೆ ಇದಕ್ಕೆ ಏನು ಮಾಡಬಹುದು?’ ಎಂಬುದೊಂದೇ ಪ್ರಶ್ನೆ. ಕೊಳೆ ಬಂದರೆ? ಮೊದಲ ಔಷಧಿ ಮೇ ಕೊನೆಗೆ ಹೊಡೆಸಿದ್ದೀರಿ, ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು ಬರುತ್ತದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಈಗಲೇ ಹೇಳಿಡಿ, ಪುನರ್ವಸು ಮಳೆ ಬಿಡುವು ಕೊಟ್ಟು ಹೊಳವು ಸಿಕ್ಕ ದಿನ ಊರೆಲ್ಲ ಅವನ ಬಾಗಿಲಲ್ಲೇ ಇರುತ್ತದೆ. ಬೆಳೆ ಹೋದರೆ? ಹವಾಮಾನ ಆಧಾರಿತ ಬೆಳೆ ವಿಮೆಯ ಕಂತು ಕಟ್ಟಿದ್ದೀರೋ ಇಲ್ಲವೋ ಕಾಗದದಲ್ಲಿಲ್ಲ. ಕೊನೆಯ ದಿನ ಯಾವುದೆಂದು ಸೊಸೈಟಿಯಲ್ಲಿ ನಾಳೆಯೇ ಕೇಳಿ. ಮಗಳ ಮದುವೆ? ಹುಡುಗಿಗಿನ್ನೂ ಹದಿನೇಳು. ಅಲ್ಲಿ ಬರೆಯಲು ಏನೂ ಇಲ್ಲ, ಗೆರೆ ಎಳೆದು ಪುಟ ತಿರುಗಿಸಿ. ಮೊದಲ ವಾರ ಇದು ಮಕ್ಕಳಾಟದ ಹಾಗೆ ಕಾಣುತ್ತದೆ, ಚಿಂತೆಯೂ ಹೇಳಿದ ಮಾತು ಕೇಳುವುದಿಲ್ಲ. ಎರಡು ಮೂರು ವಾರ ಬಿಡದೆ ಮಾಡಿ.

ಕಾಯಿಲೆಯೋ ಸ್ವಭಾವವೋ ಎಂದಿರಿ. ಅದನ್ನು ಹೇಳುವ ಯೋಗ್ಯತೆ ನನಗಿಲ್ಲ, ವೈದ್ಯರು ನೋಡುವ ಗುರುತುಗಳನ್ನು ಮಾತ್ರ ಹೇಳಬಲ್ಲೆ. ಆರು ತಿಂಗಳಿನಿಂದ, ಹೆಚ್ಚಿನ ದಿನಗಳಲ್ಲಿ, ಒಂದಲ್ಲ ಒಂದು ವಿಷಯಕ್ಕೆ ತಡೆಯಲಾಗದ ಆತಂಕ, ಜೊತೆಗೆ ನಿದ್ದೆಗೇಡು, ಮೈ ಬಿಗಿತ, ಸಿಡುಕು, ಸುಸ್ತು ಇದ್ದು ದಿನದ ಕೆಲಸ ಕೆಟ್ಟಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ತೂಕ ಇಳಿಯುವುದು ಇದ್ದರೆ ಥೈರಾಯ್ಡ್ ಪರೀಕ್ಷೆಯೂ ಆಗಲಿ. ಅದು ಹೆಚ್ಚಾದಾಗಲೂ ಥೇಟ್ ಹೀಗೇ ಆಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ. ಯಾರಾದರೂ ನೋಡಿಯಾರು ಎಂಬ ಸಂಕೋಚವಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿ ಮೂರಕ್ಕೂ ಎತ್ತುತ್ತಾರೆ. ಬದುಕಿ ಏನು ಪ್ರಯೋಜನ ಎಂಬ ಯೋಚನೆ ಒಮ್ಮೆ ಸುಳಿದಿದ್ದರೂ ಸಂಜೆಯ ಜಗಲಿಗೆ ಕಾಯಬೇಡಿ. ಆ ಕ್ಷಣವೇ ಮನೆಯವರನ್ನು ಎಬ್ಬಿಸಿ, ಫೋನ್ ಮಾಡಿ.

ಇನ್ನು ಮೇಲಿನ ತೋಟ. ಒಬ್ಬರೇ ಹೋಗಬೇಡಿ, ಮನೆಯವರನ್ನು ಕರೆದುಕೊಂಡು ಹೋಗಿ. ಇಡೀ ತೋಟ ಒಂದೇ ದಿನ ಬೇಡ, ಮೊದಲ ದಿನ ಕಾಲುವೆಯ ಈಚೆಗಿನ ಸಾಲುಗಳು ಸಾಕು. ಸೋಗೆಯ ಮೇಲೆ ಚುಕ್ಕಿ ಕಂಡರೆ ಎಷ್ಟು ಮರ ಎಂದು ಎಣಿಸಿ, ಒಂದು ತುಂಡು ಕತ್ತರಿಸಿ ತಂದು ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ. ತೀರಾ ಹಿಡಿದ ಸೋಗೆ ಇಳಿಸಿ ಸುಡಬೇಕೋ, ಯಾವ ಔಷಧಿ ಎಂಬುದನ್ನು ಅವರು ಹೇಳುತ್ತಾರೆ. ಹೋಗಿಬಂದ ದಿನವೇ ನನಗೊಂದು ಕಾರ್ಡು ಹಾಕಿ. ನಾಲ್ಕು ಪುಟ ಬೇಡ, ಎಷ್ಟು ಮರ ಎಂದು ಬರೆದರೆ ಸಾಕು.

ಸಂಪಾದಕ