ಜಪಾನ್-ಜರ್ಮನಿ ಹೋಲಿಕೆ: ಮೊದಲು ಒಂದು ವಲಯ ಆರಿಸಿಕೊಳ್ಳಿ
ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನ್, ಜರ್ಮನಿ ಎರಡೂ ಕಡೆ ಅಮೆರಿಕದವರು ಆಡಳಿತ ನಡೆಸಿದರೂ ಜಪಾನಿನ ಶಾಲಾ ಪದ್ಧತಿ ಮಾತ್ರ ಯಾಕೆ ಬದಲಾಯಿತು ಅಂತ ನಿಮ್ಮ ಪ್ರಬಂಧಕ್ಕಾಗಿ ಕೇಳಿದ್ದೀರಿ. ಪ್ರಬಂಧ ಮುಂದೆ ಹೋಗದಿರಲು ಕಾರಣ ಬಹುಶಃ ಜರ್ಮನಿಯನ್ನು ಒಂದೇ ಅಂತ ಹಿಡಿದಿರುವುದು. ಅಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ಬೇರೆ ಬೇರೆಯಾಗಿ ಆಳುತ್ತಿದ್ದ ನಾಲ್ಕು ವಲಯಗಳಿದ್ದವು. ನಾನೂ ಇಲ್ಲೇ ಎಡವಿದ್ದೆ.

ಮೊದಲು ಅಮೆರಿಕದ ವಲಯದ ಬವೇರಿಯಾ ಒಂದನ್ನೇ ತಗೊಳ್ಳಿ.

ಆಮೇಲೆ ಅಮೆರಿಕದವರ ಆದೇಶ ಯಾರ ಕೈಯಿಂದ ಜಾರಿಯಾಯಿತು ನೋಡಿ. ಟೋಕಿಯೊದಲ್ಲಿ ಶಿಕ್ಷಣ ಸಚಿವಾಲಯ ಹಾಗೇ ಉಳಿದಿತ್ತು. 1945ರಲ್ಲೇ ಮಕ್ಕಳು ಪಠ್ಯಪುಸ್ತಕದಲ್ಲಿ ಯುದ್ಧವನ್ನು ಹೊಗಳುವಂಥ, ಮೇಷ್ಟ್ರು ತೋರಿಸಿದ ಸಾಲುಗಳ ಮೇಲೆ ಕುಂಚದಿಂದ ಕಪ್ಪು ಮಸಿ ಬಳಿದಿದ್ದರು. ಆ ಪುಸ್ತಕಗಳ ಚಿತ್ರ ಸಿಕ್ಕರೆ ಖಂಡಿತ ನೋಡಿ, ಕಣ್ಣಿಗೆ ಕಟ್ಟುತ್ತದೆ. 1946ರ ಮಾರ್ಚ್‌ನಲ್ಲಿ ಅಮೆರಿಕದ ಶಿಕ್ಷಣ ನಿಯೋಗ ಬಂತು, 1947ರ ಮಾರ್ಚ್‌ಗೆ ಕಾನೂನು, ಏಪ್ರಿಲ್‌ಗೆ 6-3-3 ಪದ್ಧತಿ (ಆರು ವರ್ಷ ಪ್ರಾಥಮಿಕ, ಮೂರು ವರ್ಷ ಮಾಧ್ಯಮಿಕ, ಮೂರು ವರ್ಷ ಪ್ರೌಢಶಾಲೆ) ಶುರು.

ಬವೇರಿಯಾದಲ್ಲಿ ಅಮೆರಿಕದವರ ಶಾಲಾ ಸುಧಾರಣೆಗೆ ಅಲ್ಲಿನ ಶಿಕ್ಷಣ ಸಚಿವ ಅಲೋಯಿಸ್ ಹುಂಡ್‌ಹಾಮರ್ ಅಡ್ಡ ನಿಂತರು. 1933ರಲ್ಲಿ ನಾಜಿಗಳ ಡಾಖಾವ್ ಸೆರೆಶಿಬಿರದಲ್ಲಿ ಸೆರೆಯಿದ್ದವರು ಅವರು. ಅಂಥವರನ್ನು ನಾಜಿ ಅಂತ ತಳ್ಳಿಹಾಕೋಕೆ ಆಗಲ್ಲ, ಅಲ್ವಾ? ಹತ್ತರ ವಯಸ್ಸಿಗೇ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಂಚುವ ಪದ್ಧತಿ ಉಳಿಯಿತು.

ಕೊನೆಗೆ ಸೋವಿಯತ್ ವಲಯ ಸೇರಿಸಿ. ಅಲ್ಲಿ 1946ರಲ್ಲೇ ಎಲ್ಲರಿಗೂ ಎಂಟು ವರ್ಷದ ಒಂದೇ ಶಾಲೆ ಬಂತು. ಹಾಗಾಗಿ "ಜರ್ಮನ್ನರ ಸ್ವಭಾವವೇ ಹಾಗೆ" ಅನ್ನುವ ಸಾಲು ನಿಮ್ಮ ಕರಡಿನಲ್ಲಿದ್ದರೆ ತೆಗೆದುಬಿಡಿ.