ಕೈಗೆ ಸಿಗದ ಆಯಿಲ್ ಫಿಲ್ಟರ್

ಪ್ರಶ್ನೆ: ಶಿರಾದಲ್ಲಿ ಡೀಸೆಲ್ ಮೆಕ್ಯಾನಿಕ್ ಸಾರ್ ನಾನು, ಭಾವನ ಬೋಟು ಮಲ್ಪೆಲಿದೆ, 2 ಇಂಜಿನ್ನು, ಎರಡಕ್ಕೂ ಫಿಲ್ಟರ್ ಎಡಗಡೆನೇ, ಹಂಗಾಗಿ ಎಡಗಡೆ ಇಂಜಿನ್ನಿಂದು ಬೋಟಿನ ಗೋಡೆಗೆ ಸಿಕ್ಕಾಕೊಂಡು ಕೈಯೇ ಹೋಗಲ್ಲ. ಜಾಗ ಬದಲಾಯಿಸ್ಬಹುದಾ?

ಉತ್ತರ: ಖಂಡಿತ ಆಗುತ್ತೆ. ಫಿಲ್ಟರ್ ಇದ್ದ ಜಾಗಕ್ಕೆ ಥ್ರೆಡ್ ಮ್ಯಾಚ್ ಆಗೋ ಅಡಾಪ್ಟರ್ ಕೂರಿಸಿ, 2 ಹೋಸ್ ಎಳೆದು, ಫಿಲ್ಟರ್ ಹೆಡ್ಡನ್ನ (ಫಿಲ್ಟರ್ ತಿರುಗಿಸಿ ಕೂರಿಸೋ ಭಾಗ) ಕೈಗೆ ಸಿಗೋ ಕಡೆ ಬೋಲ್ಟ್ ಮಾಡಿ. ಹೋಸಲ್ಲಿ ಕಾಸು ಉಳಿಸ್ಬೇಡಿ, ಬಿಸಿ ಆಯಿಲ್ ಪ್ರೆಶರ್ ತಡ್ಕೊಳ್ಳೋದೇ ಬೇಕು, ಕಡಲಲ್ಲಿ ಅದು ಒಡೆದ್ರೆ ಇಂಜಿನ್ ಸೀಜ್, ಅಂದ್ರೆ ಜಾಮ್. ಇನ್ನೊಂದು, ಆಯಿಲ್ ಒಳಗೋಗೋ ಹೋಸು, ಆಚೆ ಬರೋ ಹೋಸು ಅದಲುಬದಲಾಗ್ಬಾರ್ದು, ಆಯಿಲ್ ಫಿಲ್ಟರಿನ ಸುತ್ತಲ ಸಣ್ಣ ತೂತುಗಳಿಂದ ಒಳಗೋಗಿ ಮಧ್ಯದ ದೊಡ್ಡ ತೂತಿಂದ ಆಚೆ ಬರ್ಬೇಕು. ಹೋಸಲ್ಲಿ ಹಿಡಿಯೋಷ್ಟು ಆಯಿಲ್ ಜಾಸ್ತಿ ಹಾಕಿ. ಸ್ಟಾರ್ಟ್ ಮಾಡಿದ ತಕ್ಷಣ ಗೇಜ್ ನೋಡಿ, ಪ್ರೆಶರ್ ಏರದಿದ್ರೆ ಆಫ್ ಮಾಡ್ಬಿಡಿ.